ಅಚ್ಚಾಗದ ಜ್ವರ

ಒಂದೂರಲ್ಲಿ ಒಬ್ಬ ಪೆದ್ದ ಇದ್ದ ಅಂದರೆ ನೀವು ದನ ಕಾಯುವವನನ್ನು ನೆನೆಯುತ್ತೀರಿ. ಈ ಪೆದ್ದ ಜ್ವರದ ವಿಜ್ಞಾನಿ. ಹೆಸರು ಕಲ್ಲಿನಾಥ. ತಾಯಿ ನೀಲಗಂಗವ್ವ ಸಂತೆಯಲ್ಲಿ ಒಣಮೆಣಸಿನಕಾಯಿ ಮಾರಿ ಓದಿಸಿದಳು. ಗಂಡನನ್ನೂ ಹಿರಿಮಗನನ್ನೂ ಟೈಫಾಯ್ಡ್ ಒಯ್ದಿತ್ತು. ಅವರಿದ್ದ ಕುಂಬಾರ ಓಣಿಗೆ ಮಳೆಗಾಲ ಬಂತೆಂದರೆ ಆ ಜ್ವರವೂ ಬಂತು.

"ಇದು ಎಲ್ಲಿಂದ ಬರತೈತಿ, ಅಷ್ಟ ಹುಡುಕಿಕೊಡಪಾ. ಮತ್ತೇನೂ ಬ್ಯಾಡ ನನಗ," ಅಂದಿದ್ದಳು.

ಕಲ್ಲಿನಾಥ ಜ್ವರ ಸಂಶೋಧನಾ ಕೇಂದ್ರ ಸೇರಿದ. ನಿರ್ದೇಶಕರು ಹೊಸಗೌಡರ ಸಾಹೇಬರು. ಒಂದು ದಿನ ಕರೆದು ಕೇಳಿದರು.

"ಎಷ್ಟು ಪ್ರಬಂಧ ಬರದೀ?"

"ಒಂದು, ಸರ್."

"ಒಂದರಾಗ ಎಲ್ಲಾ ತುಂಬಿದರ ಹೊಟ್ಟಿ ತುಂಬತೈತೇನು? ತುಂಡು ಮಾಡಿ ಕಳಿಸಬೇಕಪಾ."

ಹೂಂ ಅಂದ. ಕತ್ತರಿ ತಂದ. ಮೊದಲ ಪುಟ ಒಂದು ಪತ್ರಿಕೆಗೆ, ಎರಡನೆಯದು ಇನ್ನೊಂದಕ್ಕೆ, ಮೂರನೆಯದು ಮತ್ತೊಂದಕ್ಕೆ. ಕೊನೆಗೆ ಉಳಿದ ಕೃತಜ್ಞತೆಯ ನಾಲ್ಕು ಸಾಲನ್ನೂ ಬಿಡಲಿಲ್ಲ. ದುಡ್ಡು ಕಟ್ಟಿದರೆ ಅಚ್ಚು ಹಾಕುವ ಪತ್ರಿಕೆಗಳು. ಎಲ್ಲವೂ ಅಚ್ಚಾದವು, ಕೃತಜ್ಞತೆಯೂ ಅಚ್ಚಾಯಿತು. ಈ ಕತೆ ಹೇಳುವ ನಾನು ಕಿರಾಣಿ ಅಂಗಡಿಯವ; ಮಾಲು ಬಿಚ್ಚಿ ನೋಡದೆ ಒಯ್ಯುವ ಗಿರಾಕಿ ನನ್ನ ಅಂಗಡಿಗೆ ಒಬ್ಬನೂ ಬಂದಿಲ್ಲ.

ಸಾಹೇಬರು ಮತ್ತೆ ಬೈದರು. "ಹುಚ್ಚಪ್ಪಾ, ಅಚ್ಚಾದರ ಸಾಕೇನು? ಒಬ್ಬನರೆ ನಿನ್ನ ಹೆಸರು ಉಲ್ಲೇಖ ಮಾಡ್ಯಾನೇನು? ಮಂದಿ ಮಾಡದಿದ್ದರ ನಿನ್ನನ್ನ ನೀನ ಉಲ್ಲೇಖ ಮಾಡಿಕೋ. ನನ್ನ ಹೆಸರೂ ಸೇರಿಸು."

ಹೂಂ ಅಂದ. ಸಾಲಿಗೊಂದು ಉಲ್ಲೇಖ ಹಾಕಿದ. ಮಳೆಗಾಲದಲ್ಲಿ ಮಳೆ ಬರುತ್ತದೆ, ನೋಡಿ: ಕಲ್ಲಿನಾಥ ಮತ್ತು ಹೊಸಗೌಡರ. ನೀರು ಇಳಿಜಾರಿಗೆ ಹರಿಯುತ್ತದೆ, ನೋಡಿ: ಕಲ್ಲಿನಾಥ ಮತ್ತು ಹೊಸಗೌಡರ. ಮನೆಯಲ್ಲೂ ಅದೇ.

"ಅವ್ವಾ, ಪಲ್ಯಕ್ಕ ಉಪ್ಪು ಕಡಿಮಿ. ಇದನ್ನ ನಾ ಹೋದ ಬುಧವಾರನೂ ಹೇಳಿದ್ನಿ."

"ನಿನ್ನ ಬುಧವಾರಕ್ಕ ಬೆಂಕಿ ಹಚ್ಚಲಿ. ಮಗ್ಗಲ ಮನಿ ಕೂಸು ಜ್ವರಾ ಬಂದು ಮಲಗೇತಿ. ಓಣಿ ನೀರು ನೋಡಿದೇನು?"

ಉಲ್ಲೇಖದ ಲೆಕ್ಕ ಏರಿತು. ಸಾಹೇಬರಿಗೆ ಪ್ರಶಸ್ತಿ ಬಂತು, ಶಾಲು ಬಂತು. ಮಗ್ಗಲ ಮನೆಯ ಕೂಸು ಹೋಯಿತು.

ಆಮೇಲೆ ಕಲ್ಲಿನಾಥ ಬಾಟಲಿ ಹಿಡಿದು ನೀರು ಪರೀಕ್ಷೆಗೆ ಹೊರಟ. ಮೊದಲು ಗಾಣಿಗರ ಓಣಿ. ಅಲ್ಲಿಯ ತೊಟ್ಟಿಯಲ್ಲೇ ಜ್ವರದ ಬೀಜ ಸಿಕ್ಕಿತು. ನಿಂತಲ್ಲೇ ಕೂಗಿ ಹೇಳಿದ: "ಈ ನೀರು ಕುಡೀಬ್ಯಾಡ್ರಿ." ಜನ ತೊಟ್ಟಿ ಒಡೆದರು. ಆ ಓಣಿಯಲ್ಲಿ ಜ್ವರ ನಿಂತಿತು. ಸುದ್ದಿ ಕೇಳಿದ ಬೇರೆ ಊರಿನ ವಿಜ್ಞಾನಿಯೊಬ್ಬ ಅದನ್ನೇ ಬರೆದು ತನ್ನ ಹೆಸರಲ್ಲಿ ಅಚ್ಚು ಹಾಕಿಸಿಕೊಂಡ.

ಸಾಹೇಬರು ಹಿಂದೆಂದೂ ಅಷ್ಟು ಬೈದಿರಲಿಲ್ಲ. "ಬಂಗಾರದಂಥಾ ಪ್ರಬಂಧ ಬೀದ್ಯಾಗ ಚೆಲ್ಲಿ ಬಂದೆಲ್ಲೋ. ಇನ್ನ ಮ್ಯಾಲೆ ಅಚ್ಚಾಗೋತನಕ ಬಾಯಿ ಬಿಡಬ್ಯಾಡ. ಹಡೆದ ತಾಯಿ ಕೇಳಿದರೂ ಬಿಡಬ್ಯಾಡ."

ಹೂಂ ಅಂದ.

ಮುಂದಿನದು ತನ್ನದೇ ಕುಂಬಾರ ಓಣಿ. ಅಲ್ಲಿ ಒಂದು ಹಳೇ ಬಾವಿ, ಒಂದು ಹೊಸ ಬೋರು. ಜನ ಬಾವಿಯನ್ನೇ ದೂರುತ್ತಿದ್ದರು. ಪರೀಕ್ಷೆ ಮಾಡಿದರೆ ಬಾವಿ ನೀರು ಚೊಕ್ಕ. ಗಟಾರದ ಮಗ್ಗುಲಲ್ಲಿ ಕೊರೆದ ಬೋರಿನದೇ ಕೆಟ್ಟದ್ದು. ಕಲ್ಲಿನಾಥ ಬರೆದು ಒಳ್ಳೆಯ ಪತ್ರಿಕೆಗೇ ಕಳಿಸಿದ. ಒಳ್ಳೆಯ ಪತ್ರಿಕೆಯವರಿಗೆ ಅವಸರವಿಲ್ಲ.

ನೀಲಗಂಗವ್ವ ಖಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಂತಳು.

"ಗೊತ್ತಾತೇನಪಾ, ಎಲ್ಲಿಂದ ಬರತೈತಿ ಅಂತ?"

"ಗೊತ್ತಾತವ್ವಾ."

"ಮತ್ತ ಹೇಳು. ಬಾವಿದೋ, ಬೋರಿನದೋ?"

"ಇನ್ನೂ ಅಚ್ಚಾಗಿಲ್ಲವ್ವಾ."

"ಅಚ್ಚಾಗೋತನಕ ನೀರು ಕುಡೀದ ಇರಲೇನು?"

ಕಲ್ಲಿನಾಥ ಬಾಯಿ ಬಿಡಲಿಲ್ಲ. ಬೋರಿನ ನೀರು ಕಣ್ಣಿಗೆ ತಿಳಿಯಾಗಿತ್ತು. ಮುದುಕಿ ಅದನ್ನೇ ತುಂಬಿ ತಂದಳು. ಜ್ವರ ಬಂತು. ಮಗ ಹಗಲಿಡೀ ಹಣೆಗೆ ಒದ್ದೆ ಬಟ್ಟೆ ಹಾಕಿದ, ಕೇಳಿದಾಗಲೆಲ್ಲ ಅದೇ ಬೋರಿನ ನೀರು ಕುಡಿಸಿದ. ದವಾಖಾನೆಗೆ ಒಯ್ಯುವಷ್ಟರಲ್ಲಿ ಹೊತ್ತು ಮೀರಿತ್ತು. ಊರ ಹೊರಗೆ ಹೂಳಿ ಬಂದರು.

ತಿಂಗಳು ಕಳೆದ ಮೇಲೆ ಅಚ್ಚಾದ ಪತ್ರಿಕೆ ಬಂತು. ಕಲ್ಲಿನಾಥ ಅದನ್ನು ಹಿಡಿದು ನೆಟ್ಟಗೆ ತಾಯಿಯ ಸಮಾಧಿಗೆ ಹೋದ. ಪಕ್ಕದಲ್ಲಿ ಕೂತು ಮೊದಲಿಂದ ಕೊನೆಯ ತನಕ ಓದಿ ಹೇಳಿದ.

"ಬೋರಿಂದು ಬ್ಯಾಡವ್ವಾ. ಬಾವಿದು ಕುಡಿ."

ಎದ್ದು ಮಣ್ಣು ಕೊಡವಿಕೊಂಡು ಮನೆಗೆ ಹೊರಟ. ಓಣಿಯಲ್ಲಿ ಹೆಂಗಸರು ಕೊಡ ಇಟ್ಟು ಬೋರಿಗೆ ಪಾಳಿ ನಿಂತಿದ್ದರು. ದಾರಿ ಬಿಡಿಸಿಕೊಂಡು ಅವರ ನಡುವೆಯೇ ದಾಟಿದ. ಬಾವಿದೋ ಬೋರಿನದೋ ಎಂದು ಅವರಾರೂ ಅವನನ್ನು ಕೇಳಿರಲಿಲ್ಲ.