ನೀಲವ್ವನ ಒಂದು ಚಿಟಿಕೆ ಉಪ್ಪು

ಹಾಸ್ಟೆಲ್ಲಿನ ಅಡುಗೆಯ ನೀಲವ್ವ ಹದಿನೆಂಟು ವರ್ಷದಿಂದ ಕೆರೆಯ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ, ಆರಿಸಿ ಮಕ್ಕಳಿಗೆ ಕೊಡುತ್ತಿದ್ದಳು. ಒಂದು ದಿನ ಟೈ ಕಟ್ಟಿಕೊಂಡು ಫಿಲ್ಟರ್ ಮಾರುವವನೊಬ್ಬ ಬಂದ. ಒಂದು ಲೋಟಕ್ಕೆ ತನ್ನ ಮಷೀನಿನ ನೀರು, ಇನ್ನೊಂದಕ್ಕೆ ನೀಲವ್ವನ ನೀರು ಹಾಕಿ, ಎರಡರಲ್ಲೂ ಕಬ್ಬಿಣದ ಕಡ್ಡಿ ಇಳಿಸಿ ಕರೆಂಟು ಕೊಟ್ಟ. ಅವನ ನೀರು ತಿಳಿಯಾಗಿಯೇ ಉಳಿಯಿತು. ನೀಲವ್ವನದು ಚರಂಡಿಯ ಬಣ್ಣಕ್ಕೆ ತಿರುಗಿತು.

“ಇಷ್ಟು ವರ್ಷ ಈ ಹೊಲಸು ಕುಡಿಸೀಯೇನು?” ವಾರ್ಡನ್ ಪಾಟೀಲರು ಗುಡುಗಿದರು. “ನಾಳಿಂದ ಕೆಲಸಕ್ಕ ಬರಬ್ಯಾಡ!”

ನೀಲವ್ವನ ಕಣ್ಣು ಕಡ್ಡಿಗಳ ಮೇಲೇ ಇತ್ತು.

“ಸಾಹೇಬ್ರ, ಇವರ ನೀರಿಗೆ ಒಂದು ಚಿಟಿಕಿ ಉಪ್ಪು ಹಾಕಲೇನ್ರಿ? ದಿನಾ ನಿಮ್ಮ ಸಾರಿಗೆ ಹಾಕೋ ಉಪ್ಪರೀ.”

“ಬ್ಯಾಡ, ಬ್ಯಾಡ!” ಎಂದ ಮಾರುವವನು.

ಅವನ ಗಾಬರಿ ಕಂಡು ಪಾಟೀಲರಿಗೆ ಕುತೂಹಲವಾಯಿತು. “ಹಾಕು” ಎಂದರು.

ನೀಲವ್ವ ಉಪ್ಪು ಹಾಕಿದಳು. ಮತ್ತೆ ಕರೆಂಟು ಕೊಟ್ಟಿದ್ದೇ ತಡ, ಮಷೀನಿನ ನೀರು ನೀಲವ್ವನ ನೀರಿಗಿಂತ ರಾಡಿಯಾಯಿತು.

“ಹೊಲಸು ನೀರಾಗ ಇಲ್ರೀ, ಕಡ್ಡಿಯೊಳಗೈತಿ. ಉಪ್ಪು ತಾಗಿದ್ರ ಕಬ್ಬಿಣ ಬಣ್ಣ ಬಿಡತೈತಿ. ಕೆರಿ ನೀರಾಗ ಮೊದಲ ತುಸು ಉಪ್ಪು ಇರತೈತಿ, ಇವರ ಮಷೀನ್ ಅದನ್ನ ತಗದಿತ್ತು. ರೊಟ್ಟಿ ಸುಡೋ ಕಬ್ಬಿಣದ ಹಂಚು ತಿಕ್ಕಿದ ಕೈಗೆ ಇದು ಗೊತ್ರಿ. ಬೋರಿನ ಉಪ್ಪುಪ್ಪು ಸವಳು ನೀರಾಗಿದ್ರ ಇವರ ಮಷೀನ್ ಬೇಕಿತ್ತು. ನಮ್ಮದು ಕೆರಿ ನೀರು. ರಾಡಿಗೆ ಅರಿವಿ, ರೋಗಕ್ಕ ಬೆಂಕಿ, ಅಷ್ಟ ಸಾಕು.”

ಪಾಟೀಲರು ಹೊಟ್ಟೆ ಹಿಡಿದು ನಕ್ಕರು. “ನಾಳೆ ಲಗೂನ ಬಾರವ್ವಾ, ನೀಲವ್ವ!”

ಮಾರುವವನು ಮಷೀನು ಕಟ್ಟಿ ಎತ್ತಿಕೊಂಡ. ಕುಡಿಯಲು ನೀರು ಕೇಳಿದ.

“ಯಾವುದು ಕೊಡಲ್ರಿ?”

ಅವನು ತಲೆ ತಗ್ಗಿಸಿ ಹೇಳಿದ: “ಕುದಿಸಿದ್ದು ಕೊಡವ್ವಾ.”