ಬೋಳುಗುಡ್ಡದ ಪರವಾನಗಿ

ಉತ್ತರದ ಹಿಮಕಾಡಿನಲ್ಲಿ ಮೂಸ್ ಎಂಬ ಭಾರೀ ಜಿಂಕೆಯನ್ನು ಬೇಟೆಯಾಡಬೇಕಾದರೆ ಕರಡಿರಾಯನ ಪರವಾನಗಿ ಬೇಕಿತ್ತು. ಚಳಿಗಾಲ ಹತ್ತಿರವಾದಾಗ ಕರಡಿ ತೋಳನನ್ನು ಕರೆಸಿ, "ಸರೋವರದ ದಂಡೆ, ಜೌಗುನೆಲ, ಬೋಳುಗುಡ್ಡ. ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಬಾ. ಅದಕ್ಕೆ ಮೊದಲು ಯಾರನ್ನೂ ಮುಟ್ಟಕೂಡದು," ಎಂದಿತು.

ಹಸಿದ ತೋಳ ಯೋಚಿಸುತ್ತ ಹೊರಟು, ಜೌಗುನೆಲದಲ್ಲಿ ಮೇಯುತ್ತಿದ್ದ ಮೂಸನ್ನೇ ತಡೆದು ಕೇಳಿತು: "ಅಯ್ಯಾ, ಕಾಡೆಲ್ಲ ಸುತ್ತಿದವರು ತಾವು. ಬೇಟೆಗೆ ಯಾವ ಜಾಗ ಒಳ್ಳೆಯದು?"

ಮೂಸ್ ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿತು. ಗಂಭೀರವಾಗಿ ಹೇಳಿತು: "ಸರೋವರದ ದಂಡೆಯಲ್ಲಿ ನಮ್ಮವರು ಬಹಳ. ಹಾಗಾಗಿ ಬೇಟೆಗಾರರ ನೂಕುನುಗ್ಗಲೂ ಬಹಳ."

"ಛೆ, ಗದ್ದಲ ನನಗೆ ಆಗಿಬರುವುದಿಲ್ಲ. ಈ ಜೌಗುನೆಲ ಹೇಗೆ?"

"ಇಲ್ಲಿರುವುದು ನಾನೊಬ್ಬನೇ. ನನ್ನ ಮಾಂಸವೋ ಬಲು ಗಟ್ಟಿ. ಆದರೆ ಬೋಳುಗುಡ್ಡದಲ್ಲಿ ಒಬ್ಬ ಬೇಟೆಗಾರನೂ ಇಲ್ಲ, ಸ್ವಾಮಿ. ಇಡೀ ಗುಡ್ಡ ತಮ್ಮದೇ!"

"ಒಬ್ಬನೂ ಇಲ್ಲವೇ? ಹಾಗಾದರೆ ಆ ಜಾಗ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ!" ತೋಳ ಮೂಸಿಗೆ ತಲೆಬಾಗಿ ವಂದಿಸಿ, ಓಡಿಹೋಗಿ ಬೋಳುಗುಡ್ಡದ ಪರವಾನಗಿ ಪಡೆಯಿತು.

ನಡುಚಳಿಗಾಲದಲ್ಲಿ ಆ ಗುಡ್ಡದ ಮೇಲೆ ಹಾರಿಬಂದ ಕಾಗೆ, ಬಂಡೆಯ ಪಾಚಿ ನೆಕ್ಕುತ್ತಿದ್ದ ತೋಳನನ್ನು ಕಂಡಿತು. "ಏನಣ್ಣಾ, ಮೂಳೆ ಚಕ್ಕಳವಾಗಿದ್ದೀಯ! ಬೇಟೆಯೇನಾದರೂ ಸಿಕ್ಕಿತೇ?"

"ಬೇಟೆಯ ಮಾತು ಬಿಡು. ಜಾಗ ನೋಡು, ಎಷ್ಟು ನಿರಾಳ! ಒಬ್ಬರ ಕಾಟವೂ ಇಲ್ಲ," ಎಂದು ತೋಳ ಹೆಮ್ಮೆಯಿಂದ ಹೇಳಿತು. ಮರುಕ್ಷಣವೇ ಕಿವಿ ನಿಮಿರಿಸಿ ಗುರುಗುಟ್ಟಿತು: "ಅಂದಹಾಗೆ, ಇಲ್ಲಿಗೆ ಬರಲು ನಿನಗೆ ಪರವಾನಗಿ ಇದೆಯೇ?"