ಒಂದು ಬುಟ್ಟಿ ನೊಣದ ರೆಕ್ಕೆ

"ಗುರುಗಳೇ, ಮನೆ ಬಿಟ್ಟೆ, ಕುದುರೆ ಬಿಟ್ಟೆ, ಕತ್ತಿ ತಗೊಂಡೋಗಿ ಬಾವಿಗೆ ಹಾಕ್ದೆ. ಕೊನೆಗೆ ಮೀಸೇನೂ ಬೋಳಿಸ್ಕೊಂಡೆ. ಆದ್ರೂ ಮಠದ ಉಗ್ರಾಣದ ಬೀಗದ ಕೈ ನನಗೆ ಯಾಕೆ ಕೊಡಲ್ಲ? ನನ್ನ ಕಂಡ್ರೆ ಭಯಾನಾ?" ಅಂತ ಕೆಂಚವೀರ ಕೇಳ್ದ.

ಕೆಂಚವೀರ ಮಠಕ್ಕೆ ಬರೋಕೆ ಮುಂಚೆ ದಂಡಿನಲ್ಲಿದ್ದವನು. ಅವನ ಮೀಸೆ ಬೀದಿ ತಿರುವಿನಲ್ಲಿ ಮೊದಲು ಕಾಣೋದು, ಅವನು ಆಮೇಲೆ ಬರೋನು. ಅಂಥ ಮೀಸೆ.

"ಭಯಾನೇ ಕಣಯ್ಯಾ," ಅಂದ್ರು ಗುರುಗಳು. "ಯಾಕೆ ಅಂತ ಹೇಳ್ತೀನಿ ಕೂತ್ಕೋ. ಇದರಲ್ಲಿ ಒಂದು ಸುಳ್ಳಿದ್ರೆ ನನ್ನ ಹಲ್ಲೆಲ್ಲಾ ಉದುರಿಹೋಗ್ಲಿ."

ಗುರುಗಳ ಬಾಯಲ್ಲಿ ಹಲ್ಲೇ ಇರಲಿಲ್ಲ. ಕೆಂಚವೀರ ಕೂತ್ಕೊಂಡ.

ಒಬ್ಬ ಪಾಳೇಗಾರನಿಗೆ ಒಂದು ಜಿಂಕೆವನ ಇತ್ತು. ಎಷ್ಟು ಜಿಂಕೆ ಅಂದ್ರೆ, ಎಲ್ಲಾ ಒಟ್ಟಿಗೆ ಕಿವಿ ಒದರಿದ್ರೆ ಊರಿನ ಒಲೆಗಳೆಲ್ಲ ಆರಿಹೋಗ್ತಿದ್ವು. ಅದಕ್ಕೊಬ್ಬ ಕಾವಲುಗಾರ. "ಜಿಂಕೆಗೇನಾದ್ರೂ ಆದ್ರೆ ನಿನ್ನ ತಲೆ ಕೋಟೆ ಬಾಗಿಲಿಗೆ ತೋರಣ" ಅಂತ ಪಾಳೇಗಾರ ಮೊದಲೇ ಹೇಳಿಟ್ಟಿದ್ದ. ಹುಲಿ ಬರದ ಹಾಗೆ ಕಾವಲುಗಾರ ಬೇಲಿ ಕಟ್ದ. ಕಳ್ಳರು ಬರದ ಹಾಗೆ ನಾಯಿ ಸಾಕ್ದ.

ಒಂದು ವರ್ಷ ನೊಣ ಬಂತು.

ಚಪ್ಪಟೆ ನೊಣ. ಬೆರಳಲ್ಲಿ ಹಿಸುಕಿದ್ರೂ ಎದ್ದು ನಡೆಯೋಂಥದ್ದು. ಹಿಂಡು ಹಿಂಡಾಗಿ ಬಂದು ಜಿಂಕೆಗಳ ಮೇಲೆ ಕೂತ್ಕೊಂಡವು. ಜಿಂಕೆಗಳು ಕಾಲು ಝಾಡಿಸಿದ್ವು, ಮರಕ್ಕೆ ಮೈ ಉಜ್ಜಿದ್ವು. ಕಾವಲುಗಾರ ಹಸಿ ಬೇವಿನ ಸೊಪ್ಪು ಒಟ್ಟಿ ವನದ ಸುತ್ತ ಹೊಗೆ ಹಾಕ್ದ. ಹೊಗೆ ಆರದ ಹಾಗೆ ನೋಡ್ಕೊಂಡ. ಕೆಮ್ಮಿ ಕೆಮ್ಮಿ ಅವನ ಎದೆಗೂಡೇ ಹೊಗೆಗೂಡಾಯ್ತು.

ಒಂದು ಬೆಳಿಗ್ಗೆ ಹೋಗಿ ನೋಡ್ತಾನೆ, ಜಿಂಕೆ ಮಲಗೋ ಜಾಗದಲ್ಲೆಲ್ಲ ರೆಕ್ಕೆ. ಬರೀ ರೆಕ್ಕೆ. ಹೊಟ್ಟು ಚೆಲ್ಲಿದ ಹಾಗೆ ಬಿದ್ದಿದೆ.

"ಸತ್ವು! ಎಲ್ಲಾ ಸತ್ವು!" ಅಂತ ಕುಣಿದ. ಕುಣೀತಾನೇ ಹೊಗೆಗೆ ನೀರು ಹೊಯ್ದ. ಒಂದು ಬುಟ್ಟಿ ತುಂಬಾ ರೆಕ್ಕೆ ಗುಡಿಸಿಕೊಂಡು ಹೋಗಿ ಪಾಳೇಗಾರನ ಮುಂದೆ ಇಟ್ಟ. ಪಾಳೇಗಾರ ಬುಟ್ಟಿಗೆ ಕೈ ಹಾಕಿ ನೋಡಿ, ಸಂತೋಷಪಟ್ಟು, ತಾನು ಹೊದ್ದಿದ್ದ ಶಾಲು ತೆಗೆದು ಅವನಿಗೆ ಹೊದಿಸ್ದ.

ಶಾಲು ಹೊದ್ದು, ಬುಟ್ಟಿ ಹೊತ್ತು ಮನೆಗೆ ಬಂದ. ಹೆಂಡತಿ ಬುಟ್ಟೀಲಿ ಬೆರಳಾಡಿಸಿದಳು. ತಳದ ತನಕ ಆಡಿಸಿದಳು.

"ರೆಕ್ಕೆ ಸರಿ. ಹೆಣ ಎಲ್ರೀ?"

"ಯಾವ ಹೆಣ?"

"ನೊಣ ಸತ್ತಿದ್ರೆ ನೊಣದ ಹೆಣ ಬೀಳಬೇಕಲ್ಲ? ಇದರಲ್ಲಿ ಒಂದೂ ಇಲ್ಲ."

"ಗಂಡ ಶಾಲು ಹೊದ್ಕೊಂಡು ಬಂದ್ರೂ ನಿನಗೆ ಹೆಣಾನೇ ಬೇಕು!" ಅಂತ ರೇಗಿಬಿಟ್ಟ. ರೇಗಿದ್ದೇನೋ ರೇಗ್ದ, ಆದ್ರೆ ಉಣ್ಣೋಕೆ ಕೂತವನು ಎದ್ದು ವನಕ್ಕೆ ಓಡ್ದ.

ವನದಲ್ಲಿ ಗಾಳಿ ಇರಲಿಲ್ಲ. ಒಂದೆಲೆ ಅಲ್ಲಾಡ್ತಿರಲಿಲ್ಲ. ಜಿಂಕೆಗಳೂ ಅಲ್ಲಾಡದೆ ನಿಂತಿದ್ವು. ಅವುಗಳ ಮೈಮೇಲಿನ ಕೂದಲು ಮಾತ್ರ ಅಲ್ಲಾಡ್ತಿತ್ತು.

ಅವನ ಕೈಯಿಂದಲೇ ಹುಲ್ಲು ತಿನ್ನೋ ಒಂದು ಹೆಣ್ಣು ಜಿಂಕೆ ಇತ್ತು. ಕರೆದ. ಅದು ತಲೆ ಎತ್ತಲಿಲ್ಲ. ಹತ್ತಿರ ಹೋಗಿ ಕತ್ತಿನ ಕೂದಲು ಬಿಡಿಸಿ ನೋಡ್ದ. ಚರ್ಮ ಕಾಣಲಿಲ್ಲ. ಕಂಡಿದ್ದೆಲ್ಲ ನೊಣ, ರೆಕ್ಕೆ ಇಲ್ಲದ ನೊಣ, ಒಂದಕ್ಕೊಂದು ಒತ್ತಿಕೊಂಡು ರಕ್ತ ಕುಡೀತಾ ಕೂತಿತ್ತು. ಆಗಲೇ ಒಂದು ನೊಣ ಎಲ್ಲಿಂದಲೋ ಹಾರಿ ಬಂದು ಅವನ ಮಣಿಕಟ್ಟಿನ ಮೇಲೆ ಕೂತ್ಕೊಂತು. ಕೂತು, ಭುಜ ಕೊಡವಿ, ಎರಡೂ ರೆಕ್ಕೆ ಉದುರಿಸಿ, ಮನೆಯೊಡೆಯನ ಹಾಗೆ ಅವನ ಅಂಗಿ ತೋಳಿನೊಳಗೆ ನಡೆದು ಹೋಯ್ತು.

ಅಯ್ಯೋ, ಮನೆ ಸಿಕ್ಕೋ ತನಕ ಮಾತ್ರ ಅದಕ್ಕೆ ರೆಕ್ಕೆ ಬೇಕು, ಸಿಕ್ಕಮೇಲೆ ಅದೊಂದು ಭಾರ ಅಂತ ಆಗ ಅವನಿಗೆ ಗೊತ್ತಾಯ್ತು. ಓಡಾಡಿ ಮತ್ತೆ ಹೊಗೆ ಹಾಕ್ದ. ಹಾರೋದನ್ನ ಹೊಗೆ ಓಡಿಸುತ್ತೆ. ಹಾರೋದನ್ನೇ ಬಿಟ್ಟು ಕೂತವನ್ನ ಏನು ಮಾಡುತ್ತೆ? ಜಿಂಕೆಗಳು ಕೆಮ್ಮಿದ್ವು ಅಷ್ಟೇ. ಆಮೇಲೆ ಒಂದೊಂದೇ ಮಂಡಿ ಊರಿದ್ವು.

ಆ ಹೆಣ್ಣು ಜಿಂಕೆ ಅವನ ತೊಡೆ ಮೇಲೇ ಕಣ್ಣು ಮುಚ್ತು. ಅವನು ಅದರ ತಲೆ ಸವರ್ತಾ ಕೂತ. ತನ್ನ ತಲೆ ಕೋಟೆ ಬಾಗಿಲಲ್ಲಿ ತೂಗೋದು ಕಣ್ಣಿಗೆ ಕಟ್ಟಿತು. ಕೂತ ಹಾಗೇ ಜಿಂಕೆಯ ಮೈ ತಣ್ಣಗಾಯ್ತು. ತಣ್ಣಗಾದ ಮೈಯಲ್ಲಿ ನೊಣಗಳಿಗೇನು ಕೆಲಸ? ಕೂದಲ ಒಳಗಿಂದ ಸಾಲುಗಟ್ಟಿ ಹೊರಟವು, ನಡ್ಕೊಂಡೇ. ಸುತ್ತ ಬಿದ್ದಿದ್ದ ಜಿಂಕೆಗಳ ಮೈಯಿಂದಲೂ ಹೊರಟವು. ಆ ವನದಲ್ಲಿ ಇನ್ನೂ ಬಿಸಿಯಾಗಿ ಉಳಿದಿದ್ದದ್ದು ಅವನೊಬ್ಬನೇ.

ಗುರುಗಳು ಅಲ್ಲಿಗೆ ನಿಲ್ಲಿಸಿದ್ರು.

"ಆಮೇಲೆ?" ಅಂದ ಕೆಂಚವೀರ. ಕತೆಯಲ್ಲಿ ಮೈಮರೆತಿದ್ದ ಅವನ ಕೈ ಮೇಲಕ್ಕೆ ಹೋಗಿ, ಇಲ್ಲದ ಮೀಸೆಯ ತುದಿ ಹಿಡಿದು ತಿರುವ್ತಿತ್ತು.

ಗುರುಗಳು ಆ ಕೈಯನ್ನೇ ನೋಡ್ತಾ, ಸೊಂಟದ ಬೀಗದ ಕೈಯನ್ನ ಭದ್ರವಾಗಿ ಹಿಡ್ಕೊಂಡು ಹೇಳಿದ್ರು:

"ಮೀಸೆ ಉದುರಿದ್ದು ನೋಡಿದೆ ಕಣಯ್ಯಾ, ಅದನ್ನ ತಿರುವ್ತಿದ್ದವನ ಹೆಣ ಎಲ್ಲಿ?"